ಗ್ರಾಫಿನಲ್ಲಿ ಕಂಡ ಜೇನು

ಆ ಗ್ರಾಫನ್ನು ಮೊದಲ ಸಲ ನೋಡಿದಾಗ ನನಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಹೇಳಲು ನಾಚಿಕೆಯಾಗಿ ತಲೆಯಾಡಿಸುತ್ತ ಕೂತೆ.

ಚಾಮರಾಜನಗರದ ಕಾಲೇಜೊಂದರ ಸಣ್ಣ ಕೋಣೆಯಲ್ಲಿ ನಾವು ಮೂವರಿದ್ದೆವು. ಜೀವಶಾಸ್ತ್ರದ ಮೇಡಂ, ಜೇನುಹುಳುಗಳ ಬಗ್ಗೆ ಬಹಳ ವರ್ಷ ಕೆಲಸ ಮಾಡಿದವರು. ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು, ಹುಳುಗಳ ಸದ್ದು ಕೇಳಿ ಎಣಿಸುವ ಡಬ್ಬಿ ಮಾಡಿದವರು. ಮೂರನೆಯವಳು ನಾನು. ಸಮೂಹ ಸಂವಹನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಅವರಿಬ್ಬರು ಕಂಡುಕೊಂಡದ್ದನ್ನು ರೈತರಿಗೆ ಫೋನಿನ ಧ್ವನಿ ಸಂದೇಶವಾಗಿ ತಲುಪಿಸುವುದು, ಕೇಳಿದವರು ಅದರಂತೆ ನಡೆದರೋ ಇಲ್ಲವೋ ನೋಡುವುದು ನನ್ನ ಪಾಲಿನ ಕೆಲಸ.

ಯೋಜನೆಯ ಪ್ರಶ್ನೆ ಸರಳವಾಗಿತ್ತು. ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೋಗುವ ರಸ್ತೆಯ ಎರಡೂ ಬದಿಗೆ ಮುಂಗಾರಿನಲ್ಲಿ ಸೂರ್ಯಕಾಂತಿ ಅರಳುತ್ತದೆ. ಕಾರು, ವ್ಯಾನುಗಳಲ್ಲಿ ಬಂದವರು ಇಳಿದು ಹೊಲಕ್ಕೆ ನುಗ್ಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಗದ್ದಲದಿಂದ ಹೂವಿಗೆ ಬರುವ ಜೇನು ಕಡಿಮೆಯಾಗುತ್ತದೆಯೇ? ಜೇನು ಬರದಿದ್ದರೆ ಕಾಳು ಕಟ್ಟುವುದಿಲ್ಲ, ಜೊಳ್ಳಾಗುತ್ತದೆ. ಹಾಗಾಗಿ ರೈತರಿಗೂ ಇದು ಬೇಕಾದ ವಿಷಯವೇ.

ಡಬ್ಬಿ ಊಟದ ಕ್ಯಾರಿಯರ್‌ನಷ್ಟು ದೊಡ್ಡದು. ಒಳಗೊಂದು ಮೈಕು. ರೆಕ್ಕೆ ಬಡಿಯುವಾಗ ಏಳುವ ಗುಂಯ್ ಸದ್ದಿಗೆ ಒಂದು ಮಟ್ಟ ಇರುತ್ತದಂತೆ. ಆ ಮಟ್ಟದ ಸದ್ದು ಎಷ್ಟು ಹೊತ್ತು, ಎಷ್ಟು ಜೋರಾಗಿ ಕೇಳಿತು ಎಂಬುದರ ಮೇಲೆ ಡಬ್ಬಿ ಲೆಕ್ಕ ಹಾಕುತ್ತದೆ. ಮೊದಲ ಪರೀಕ್ಷೆ ನಮ್ಮೂರು ಉಮ್ಮತ್ತೂರಿನ ಒಂದು ಹೊಲದಲ್ಲೇ ನಡೆಯಿತು. ಮೇಡಂ ಬದುವಿನ ಮೇಲೆ ಕೂತು ಹತ್ತು ನಿಮಿಷಕ್ಕೊಮ್ಮೆ ಹೂವುಗಳ ಮೇಲಿನ ಜೇನು ಎಣಿಸಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ನಾಲ್ಕು ದಿನ ಕಣ್ಣಿನ ಲೆಕ್ಕ ಮತ್ತು ಡಬ್ಬಿಯ ಲೆಕ್ಕ ಹೆಚ್ಚೂಕಡಿಮೆ ಒಂದೇ ಬಂತು. ಧೈರ್ಯವಾಗಿ ನಾಲ್ಕು ಡಬ್ಬಿಗಳನ್ನು ಗುಂಡ್ಲುಪೇಟೆ ಕಡೆಯ ನಾಲ್ಕು ಹೊಲಗಳಲ್ಲಿ ಕಂಬ ನೆಟ್ಟು ಕಟ್ಟಿದೆವು.

ಅಲ್ಲಿಂದ ಬಂದದ್ದು ಆ ಗ್ರಾಫು. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಒಂದು ಸಣ್ಣ ಉಬ್ಬು. ಮಧ್ಯಾಹ್ನ ಚಪ್ಪಟೆ. ಸಂಜೆ ಐದರಿಂದ ಆರೂವರೆಯವರೆಗೆ ಗುಡ್ಡದಂತೆ ಎದ್ದ ಗೆರೆ.

"ತುಡುವೆ ಜೇನು ಸಂಜೆ ಆರು ಗಂಟೆಗೆ ಇಷ್ಟೊಂದು ಇರೋದಿಲ್ಲ," ಎಂದರು ಮೇಡಂ. "ಎರಡು ದಿನ ಬೆಳಗ್ಗೆ ನಾನೇ ಹೋಗಿದ್ದೆನಲ್ಲ. ಚೆನ್ನಾಗೇ ಇದ್ದವು."

"ಬೆಳಗ್ಗೆ ಇಲ್ಲ ಅಂತ ಡಬ್ಬಿ ಹೇಳ್ತಿಲ್ಲ ಮೇಡಂ. ಸಂಜೆ ಇನ್ನೂ ಹೆಚ್ಚು ಅಂತ ಹೇಳ್ತಿದೆ. ಉಮ್ಮತ್ತೂರಲ್ಲಿ ನೀವೇ ಪಾಸ್ ಮಾಡಿದ ಡಬ್ಬಿ ಇದು," ಎಂದರು ಅಧ್ಯಾಪಕರು.

ಮೇಡಂಗೆ ಆ ವಾರ ಪ್ರಾಕ್ಟಿಕಲ್ ಪರೀಕ್ಷೆಗಳಿದ್ದವು. ಸಂಜೆ ಹೊತ್ತು ಗುಂಡ್ಲುಪೇಟೆಯಲ್ಲಿ ನಿಂತು ಎಣಿಸಲು ಅವರಿಗೆ ಆಗಿರಲಿಲ್ಲ. ಇಬ್ಬರೂ ಗ್ರಾಫನ್ನೇ ನೋಡುತ್ತ ಕೂತರು. ಆಗ ಬಾಯಿ ಬಿಟ್ಟವಳು ನಾನು.

"ಬೆಳಗ್ಗೆ ಜನ ಹೊಲದೊಳಗೆ ಇರ್ತಾರಲ್ಲ, ಅದಕ್ಕೆ ಹೆದರಿ ಜೇನು ಸಂಜೆಗೆ ಬರೋಕೆ ಶುರು ಮಾಡಿರಬಹುದಾ? ರಾತ್ರಿ ಚೆಕ್‌ಪೋಸ್ಟ್ ಮುಚ್ಚೋದರೊಳಗೆ ಕಾಡು ದಾಟಬೇಕು ಅಂತ ಸಂಜೆ ಯಾರೂ ಗಾಡಿ ನಿಲ್ಲಿಸಲ್ಲ. ಹೊಲ ಖಾಲಿ ಇರುತ್ತೆ."

ಮೇಡಂ ಸಂಜೆಯ ಗೆರೆಯನ್ನು ಮತ್ತೊಮ್ಮೆ ನೋಡಿ, "ಹಾಗೂ ಇರಬಹುದು," ಎಂದರು. ಅಧ್ಯಾಪಕರು ಕುರ್ಚಿಯಿಂದ ಎದ್ದು ನಿಂತರು. ಜನರ ಗದ್ದಲಕ್ಕೆ ಜೇನು ತನ್ನ ಹೊತ್ತನ್ನೇ ಬದಲಾಯಿಸಿಕೊಂಡಿದೆ ಎಂದರೆ ದೊಡ್ಡ ವಿಷಯ. ಒಳ್ಳೆಯ ಪತ್ರಿಕೆಯಲ್ಲಿ ಪ್ರಕಟವಾಗುವ ವಿಷಯ. ಸಂಜೆ ಯಾರೂ ಗಾಡಿ ನಿಲ್ಲಿಸುವುದಿಲ್ಲ ಎಂದು ನನಗೆ ಹೇಗೆ ಗೊತ್ತು ಎಂದು ಇಬ್ಬರೂ ಕೇಳಲಿಲ್ಲ. ನನಗೆ ಗೊತ್ತಿರಲಿಲ್ಲ, ಊಹೆ ಮಾಡಿದ್ದೆ.

ಸಂದೇಶ ಸಿದ್ಧಪಡಿಸುವ ಸರದಿ ಬಂತು. ಅದಕ್ಕೂ ಮೊದಲು ಪುಸ್ತಕದ ಭಾಷೆಯಲ್ಲಿ ಎರಡು ಸಂದೇಶ ಕಳಿಸಿದ್ದೆವು. 'ಆತ್ಮೀಯ ರೈತ ಬಾಂಧವರೇ' ಎನ್ನುವಷ್ಟರಲ್ಲೇ ಹೆಚ್ಚಿನವರು ಕರೆ ಕಡಿದಿದ್ದರು. ಈ ಸಲ ನನ್ನ ಅವ್ವ ಮಾತಾಡುವ ಹಾಗೆ, ನಾನು ಮನೆಯಲ್ಲಿ ಮಾತಾಡುವ ಹಾಗೆ ಹೇಳಿದೆ: "ಸೂರ್ಯಕಾಂತಿಗೆ ಜೇನು ಜಾಸ್ತಿ ಬರೋದು ಸಂಜೆಗೆ ಕಣ್ರಪ್ಪ. ಹುಳಕ್ಕೆ ಔಸ್ದಿ ಒಡೆಯಂಗಿದ್ರೆ ಬೆಳಗ್ಗೆನೇ ಒಡ್ದು ಮುಗಿಸ್ಬುಡಿ. ಸಂಜೆ ಬ್ಯಾಡ." ನನ್ನ ಗೈಡ್ ಕೇಳಿ ಒಪ್ಪಿದರು. ಕೇಳಿದವರು ಹೀಗೇ ಮಾಡುತ್ತೇವೆ ಎನ್ನುವುದಾದರೆ ಫೋನಿನಲ್ಲಿ ಒಂದನ್ನು ಒತ್ತಬೇಕಿತ್ತು. ಎರಡು ದಿನಗಳಲ್ಲಿ ಒತ್ತಿದವರ ಪಟ್ಟಿ ಪುಟ ತುಂಬಿ ಮುಂದಿನ ಪುಟಕ್ಕೆ ಹೋಯಿತು. ನಾನು ಹೆಸರುಗಳ ಮೇಲೆ ಬೆರಳಾಡಿಸುತ್ತ ಕೂತಿದ್ದು ನೆನಪಿದೆ. ಜನರ ಮಾತಿನಲ್ಲೇ ಹೇಳಿದರೆ ಜನ ಕೇಳುತ್ತಾರೆ ಎಂಬುದೇ ನನ್ನ ಪ್ರಬಂಧದ ವಾದವಾಗಿತ್ತು.

ಡಬ್ಬಿ ಕಟ್ಟಿದ್ದ ಹೊಲಗಳಲ್ಲಿ ಒಂದು ಐವತ್ತು ದಾಟಿದ ಹೆಂಗಸಿನದು. ಗಂಡ ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಜವಾನ, ಬೇಸಾಯವೆಲ್ಲ ಈಕೆಯದೇ. ನಾನು ಅಕ್ಕ ಎನ್ನುತ್ತಿದ್ದೆ. ಸಂದೇಶ ಹೋದ ವಾರ ಅವರನ್ನು ಮಾತಾಡಿಸಲು ಹೋದೆ.

"ಈ ಮನೆಗೆ ಬಂದಾಗ್ಲಿಂದ ನಾನು ಒಡೀತಿದ್ದುದ್ದು ಒತ್ತು ಮುಳುಗೋ ಒತ್ಗೆ," ಎಂದರು. "ಈಗ ನೀನೇಳ್ದಂಗೇ ಬೆಳಗ್ಗೆ ಒಡ್ಸ್‌ಬುಟ್ಟೆ ಕಣಮ್ಮಿ."

ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಆಕೆ ಇನ್ನೇನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ಬಸ್ಸಿಗೆ ಹೊತ್ತಾಗಿತ್ತು. ನಾನು ಏನೆಂದು ಕೇಳಲಿಲ್ಲ.

ಮರುದಿನವೇ ಮೇಡಂ ಫೋನ್ ಮಾಡಿದರು. "ತಕ್ಷಣ ಬಾ. ಅದೇ ಹೊಲಕ್ಕೆ ಹೋಗಬೇಕು," ಎಂದಷ್ಟೇ ಹೇಳಿದರು.

ಹೊಲದ ಬದುವಿನಲ್ಲಿ ಆರು ಜೇನು ಪೆಟ್ಟಿಗೆಗಳಿದ್ದವು. ಅವುಗಳ ಯಜಮಾನರು ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಂಚಿನವರು. ಅರವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ. ಪ್ರತಿ ವರ್ಷ ಹೂವಿನ ಕಾಲಕ್ಕೆ ಅಕ್ಕನ ಹೊಲದ ಬದುವಿಗೆ ಪೆಟ್ಟಿಗೆ ತಂದಿಡುತ್ತಿದ್ದರಂತೆ. ಪೆಟ್ಟಿಗೆಗಳ ಬಾಗಿಲ ಮುಂದೆ ನೆಲದ ಮೇಲೆ ಕಂದು ಬಣ್ಣದ ಹೊಟ್ಟು ಸುರಿದಂತೆ ಕಂಡಿತು. ಹತ್ತಿರ ಹೋದಾಗ ಜೇನು ಎಂದು ತಿಳಿಯಿತು. ಕೆಲವು ಬೆನ್ನ ಮೇಲೆ ಬಿದ್ದು ಇನ್ನೂ ಕಾಲಾಡಿಸುತ್ತಿದ್ದವು. ಮೇಡಂ ಒಂದನ್ನು ಕರವಸ್ತ್ರದಲ್ಲಿ ಎತ್ತಿಕೊಂಡು ಭೂತಗನ್ನಡಿ ಹಿಡಿದರು.

"ನಾಲಿಗೆ ಪೂರ್ತಿ ಹೊರಗೆ ಬಂದಿದೆ. ಔಷಧಿ ತಗಲಿ ಸತ್ತಾಗ ಹೀಗಾಗುತ್ತೆ," ಎಂದು ಲ್ಯಾಬಿಗೆ ಕಳಿಸಲು ಒಂದಿಷ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು.

"ನೆನ್ನೆ ಬೆಳಗ್ಗೆಲಿಂದ ಇಂಗೇ," ಎಂದರು ಜೇನು ಸಾಕುವವರು. "ಎಂಟ್ಗಂಟ್ಗೆ ಓದವು, ಬಂದ್ಬಂದಂಗೇ ಬಾಗ್ಲಲ್ಲಿ ಬಿದ್ದೋದೊ. ಈ ಸಲ ಸುತ್ತ ಎಲ್ರೂ ಬೆಳಗ್ಗೇನೇ ಒಡ್ದವ್ರೆ. ಯಾಕ್ರಪ್ಪಾ ಅಂದ್ರೆ, ಪೋನಲ್ಲಿ ಒಂದೆಣ್ಮಗ ಏಳ್ತು ಅಂತಾರೆ."

ಮೇಡಂ ನನ್ನ ಕಡೆ ನೋಡಲಿಲ್ಲ. ನೋಡದಿರಲು ಪ್ರಯತ್ನಪಡುತ್ತಿದ್ದುದು ಗೊತ್ತಾಯಿತು.

"ಅದು ನಾನೇ ಅಣ್ಣ," ಎಂದೆ.

ಅವರು ನನ್ನನ್ನು ತಲೆಯಿಂದ ಕಾಲವರೆಗೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಮೇಲಿತ್ತು.

"ನೀನಾ," ಎಂದರು. "'ನಮ್ ಕಡೆ ಮಾತೇ ಕಣಣ್ಣೋ, ಯಾರೋ ನಮ್ಮೋರೇ' ಅಂದ್ರು ಜನ. ಅದ್ಕೇ ಎಲ್ರೂ ಕೇಳವ್ರೆ."

ಅಷ್ಟರಲ್ಲಿ ಅಕ್ಕ ಬಂದರು. ಔಷಧಿ ಹೊಡೆಸುವಾಗ ಹೂವಿನ ಮೇಲೆ ಜೇನು ಇದ್ದವೇ ಎಂದು ಮೇಡಂ ಅವರನ್ನು ಕೇಳಿದರು.

"ಇದ್ವು ಕಣವ್ವ. ಬೇಕಾದಷ್ಟಿದ್ವು. ನೀವು ಓದ್ದೋರು, ಬೆಳಗ್ಗೆ ಜೇನಿರಲ್ಲ ಅಂದ್ರಲ್ಲ. ಇವು ಯಾವ್ದೋ ಬ್ಯಾರೆ ಹುಳ ಇರ್ಬೋದು ಅನ್ಕಂಡೆ. ನೆನ್ನೆ ಈ ಮಗಿಗೆ ಕೇಳನ ಅಂತಿದ್ದೆ. ಯಾಕೋ ನಾಚ್ಕೆ ಆಯ್ತು."

ನನ್ನ ತಲೆ ಪೂರ್ತಿ ಕೆಟ್ಟುಹೋಯಿತು. ಜೇನು ಸಂಜೆ ಬರುತ್ತವೆ ಎಂದು ಡಬ್ಬಿ ಹೇಳುತ್ತಿದೆ. ಸತ್ತ ಜೇನು ಬೆಳಗ್ಗೆ ಹೋದವು. ಬೆಳಗ್ಗೆ ಬೇಕಾದಷ್ಟಿದ್ದವು ಎಂದು ಅಕ್ಕ ಹೇಳುತ್ತಾರೆ, ಮೇಡಂ ಕೂಡ ಮೊದಲೇ ಹೇಳಿದ್ದರು. ಹಾಗಾದರೆ ಸಂಜೆ ಡಬ್ಬಿಗೆ ಕೇಳಿದ್ದು ಏನು? ಅಧ್ಯಾಪಕರಿಗೆ ಫೋನ್ ಮಾಡಿದೆವು. ಅವರು ಲ್ಯಾಪ್‌ಟಾಪ್ ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲಿ ಬಂದು ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಆ ಕ್ಷಣದ ಸಂಖ್ಯೆ ಪರದೆಯ ಮೇಲೆ ಕಾಣುವಂತೆ ಮಾಡಿದರು. ಸಂಜೆಯಾಗುವುದನ್ನು ಕಾಯುತ್ತ ಬದುವಿನ ಮೇಲೆ ಕೂತೆವು. ಜೇನು ಸಾಕುವವರು ಬದುಕಿರುವ ಹುಳುಗಳಿದ್ದ ಪೆಟ್ಟಿಗೆಗಳಿಗೆ ಸಕ್ಕರೆ ನೀರಿಡುತ್ತಿದ್ದರು.

ಐದು ಗಂಟೆಗೆ ಪರದೆಯ ಸಂಖ್ಯೆ ಸೊನ್ನೆಯ ಹತ್ತಿರವಿತ್ತು. ಐದೂಕಾಲಿಗೆ ಕೇರಳದ ನಂಬರಿನ ಕಾರೊಂದು ರಸ್ತೆ ಬದಿಗೆ ನಿಂತಿತು. ನಾನು ನಿಲ್ಲುವುದಿಲ್ಲ ಎಂದಿದ್ದ ಸಂಜೆಯ ಗಾಡಿ. ಮದುವೆ ಗೊತ್ತಾದ ಜೋಡಿ ಇಳಿದು ಬಂತು. ಜೊತೆಗಿದ್ದ ಫೋಟೋಗ್ರಾಫರ್ ಪೆಟ್ಟಿಗೆಯಿಂದ ಡ್ರೋನ್ ತೆಗೆದು ಬಿಡಿಸಿ ಮೇಲಕ್ಕೆ ಬಿಟ್ಟ. ಇಳಿಬಿಸಿಲಿಗೆ ಹೂವುಗಳು ಬಂಗಾರದಂತೆ ಕಾಣುವ ಹೊತ್ತು ಅದು. ಡ್ರೋನ್ ಹೂವಿನ ತಲೆಗಳ ಮೇಲೆ ಗುಂಯ್ ಎನ್ನುತ್ತ ತೇಲಿತು.

ಪರದೆಯ ಸಂಖ್ಯೆ ಏರಿತು. ಇನ್ನೂ ಏರಿತು.

ಅಧ್ಯಾಪಕರು ಲ್ಯಾಪ್‌ಟಾಪನ್ನು ನೆಲಕ್ಕಿಟ್ಟು ಎದ್ದು ಹೋದರು. ಒಂದು ನಿಮಿಷ ಡ್ರೋನ್ ಇಳಿಸಲು ಸಾಧ್ಯವೇ ಎಂದು ಫೋಟೋಗ್ರಾಫರನ್ನು ಕೇಳಿದರು.

"ಎಂದಾ ಸಾರ್, ಪ್ರಾಬ್ಲಂ ಉಂಡೋ? ಹೊಲದವರು ಪರ್ಮಿಷನ್ ಕೊಟ್ಟಿದಾರೆ," ಎಂದ ಅವನು ಗಾಬರಿಯಿಂದ, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ.

ಏನೂ ತೊಂದರೆಯಿಲ್ಲ, ಸುಮ್ಮನೆ ಒಂದು ಸಲ ಇಳಿಸಿ ಮತ್ತೆ ಏರಿಸಿ ಎಂದರು. ಇಳಿಸಿದ, ಸಂಖ್ಯೆ ಬಿತ್ತು. ಏರಿಸಿದ, ಸಂಖ್ಯೆ ಎದ್ದಿತು. ಮೂರು ಸಲ ಹಾಗೇ ಆಯಿತು. ಮೇಡಂ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸಾಲಿನೊಳಗೆ ನಡೆದು ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಹೇಳಿದರು: "ಮೂರು ಜೇನು. ಒಟ್ಟು ಮೂರೇ ಮೂರು."

ಅಧ್ಯಾಪಕರು ಹಿಂದಿನ ದಿನಗಳ ಲೆಕ್ಕ ತೆರೆದು ಸಂಜೆಯ ಭಾಗವನ್ನು ಅಳಿಸಿದರು. ಉಳಿದದ್ದನ್ನೇ ಮತ್ತೆ ಗ್ರಾಫ್ ಮಾಡಿದಾಗ ಬೆಳಗಿನ ಸಣ್ಣ ಉಬ್ಬು ಪರದೆಯ ತುಂಬ ಎದ್ದು ನಿಂತಿತು. ಅದರಲ್ಲಿ ಡಬ್ಬಿಯ ಲೆಕ್ಕ ಸರಿಯಾಗೇ ಇತ್ತು. ಸಂಜೆಯ ಗುಡ್ಡದ ಪಕ್ಕದಲ್ಲಿ ಅದು ಚಿಕ್ಕದಾಗಿ ಕಂಡಿತ್ತಷ್ಟೇ. ಉಮ್ಮತ್ತೂರಿನ ಹೊಲಕ್ಕೆ ಫೋಟೋ ತೆಗೆಯಲು ಯಾರೂ ಬರುವುದಿಲ್ಲ. ಅಲ್ಲಿ ನಡೆದ ಪರೀಕ್ಷೆಯಲ್ಲಿ ಇದು ಗೊತ್ತಾಗುವ ದಾರಿಯೇ ಇರಲಿಲ್ಲ.

"ನನ್ನ ತಪ್ಪು," ಎಂದರು ಅಧ್ಯಾಪಕರು. ತಾವು ಒಂದು ಸಂಜೆ ಬಂದು ನಿಂತಿದ್ದರೆ ಸಾಕಿತ್ತು ಎಂದರು ಮೇಡಂ. ಆ ಕಥೆ ಹೊಸೆದವಳು ನಾನು ಎಂದು ನಾನು ಹೇಳಿದೆ. ಮೂವರ ಮಾತೂ ನಿಜ. ಅದರಿಂದ ಯಾರಿಗೂ ಹಗುರವಾಗಲಿಲ್ಲ.

ಮರುದಿನ ಬೆಳಗ್ಗೆ ಗೈಡ್ ಬಳಿ ಹೋಗಿ ಎಲ್ಲವನ್ನೂ ಹೇಳಿ, ಇವತ್ತೇ ಇನ್ನೊಂದು ಸಂದೇಶ ಕಳಿಸಬೇಕು ಎಂದೆ. ಅವರು ಕೆಟ್ಟವರಲ್ಲ. ತಾಳ್ಮೆಯಿಂದ ಕೇಳಿ, ತಾಳ್ಮೆಯಿಂದಲೇ ಬೇಡ ಎಂದರು.

"ಸತ್ತ ಜೇನಿನ ಪರೀಕ್ಷೆಯ ವರದಿ ಬಂದಿಲ್ಲ. ಯಾರ ಹೊಲದ ಔಷಧಿಯಿಂದ ಸತ್ತವು ಅಂತ ಯಾರಿಗೂ ಗೊತ್ತಿಲ್ಲ. ಮುಂದಿನ ತಿಂಗಳು ನಿನ್ನ ಪಿಎಚ್‌ಡಿ ಸಮಿತಿ ಸೇರುತ್ತೆ, ಅಲ್ಲಿ ಇಡೋಣ. ಈಗ ನೀನು ಉಲ್ಟಾ ಸಂದೇಶ ಕಳಿಸಿದರೆ ಮೊದಲ ಸಂದೇಶದ ಪರಿಣಾಮ ಅಳೆಯೋಕೆ ಆಗಲ್ಲ. ಎರಡು ವರ್ಷದ ಕೆಲಸ ನಿನ್ನದು."

ಅವರು ಹೇಳಿದ್ದರಲ್ಲಿ ಯಾವ ಮಾತು ತಪ್ಪು ಎಂದು ನನಗೆ ತೋರಿಸಲಾಗಲಿಲ್ಲ. ಊರಿಗೆ ಹೊರಟು ಸಂತೆಮರಹಳ್ಳಿಯಲ್ಲಿ ಬಸ್ ಬದಲಿಸಲು ಇಳಿದು ಕಲ್ಲುಬೆಂಚಿನ ಮೇಲೆ ಕೂತೆ. ಔಷಧಿಯಿಂದಲೇ ಸತ್ತವು ಎನ್ನೋಣ. ನನ್ನ ಮಾತು ಕೇಳಿ ಹೊಡೆದವರ ಔಷಧಿಯೋ, ಯಾವಾಗಲೂ ಬೆಳಗ್ಗೆಯೇ ಹೊಡೆಯುತ್ತಿದ್ದವರ ಔಷಧಿಯೋ? ಸಂದೇಶ ಬದಲಿಸಿದರೆ ಇನ್ನು ಮುಂದೆ ನಾವು ಹೇಳುವ ಸರಿಯಾದ ಮಾತನ್ನೂ ಯಾರೂ ನಂಬದಿದ್ದರೆ? ಒಂದು ಯೋಚನೆಯನ್ನು ಕೊನೆ ಮುಟ್ಟಿಸುವ ಮೊದಲೇ ಇನ್ನೊಂದು ಬಂದು ಅದನ್ನು ತಳ್ಳುತ್ತಿತ್ತು. ಉಮ್ಮತ್ತೂರಿನ ಎರಡು ಬಸ್ಸು ಕಣ್ಣೆದುರೇ ಹೋದವು. ಕೊನೆಗೆ ಒಂದೇ ಲೆಕ್ಕ ಸ್ಪಷ್ಟವಾಗಿ ಉಳಿಯಿತು. ಸಮಿತಿ ಸೇರುವ ಹೊತ್ತಿಗೆ ಹೂವು ಮುಗಿದಿರುತ್ತದೆ. ಅಲ್ಲಿಯವರೆಗೆ ದಿನಾ ಬೆಳಗ್ಗೆ ಯಾರೋ ಒಬ್ಬರು ನಾನು ಹೇಳಿದೆನೆಂದು ಪಂಪು ಬೆನ್ನಿಗೇರಿಸುತ್ತಾರೆ. ಉಳಿದದ್ದೆಲ್ಲ ಗೊಂದಲವಾಗಿಯೇ ಇತ್ತು. ಎದುರು ಬದಿಗೆ ಹೋಗಿ ಚಾಮರಾಜನಗರದ ಬಸ್ ಹತ್ತಿದೆ.

ಸಂದೇಶ ಕಳಿಸುವ ಯಂತ್ರ ಅಧ್ಯಾಪಕರ ಕೈಯಲ್ಲಿತ್ತು. ಅನುಮತಿ ಸಿಕ್ಕಿಲ್ಲ ಎಂದು ಮುಚ್ಚಿಡದೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ಒರೆಸಿದರು.

"ನೀವು ಮಾತಾಡಿ. ಬಟನ್ ನಾನು ಒತ್ತುತ್ತೇನೆ. ಆಮೇಲೆ ಇಬ್ಬರೂ ಹೋಗಿ ಹೇಳೋಣ," ಎಂದರು.

ಮೊದಲ ಸಂದೇಶವನ್ನು ಒಂದೇ ಸಲಕ್ಕೆ ಹೇಳಿ ಮುಗಿಸಿದ್ದೆ. ಇದಕ್ಕೆ ಏಳೆಂಟು ಸಲ ಬೇಕಾಯಿತು. ಪ್ರತಿ ಸಲವೂ ನನಗರಿವಿಲ್ಲದೆ ಪುಸ್ತಕದ ಭಾಷೆ ನುಸುಳುತ್ತಿತ್ತು. 'ತಾಂತ್ರಿಕ ಕಾರಣಗಳಿಂದ' ಎಂದೆ ಒಮ್ಮೆ. ಅಧ್ಯಾಪಕರು ಬೇಡ ಎನ್ನುವಂತೆ ತಲೆಯಾಡಿಸಿದರು. ಕೊನೆಗೆ ಉಳಿದದ್ದು ಇಷ್ಟು: "ಓದ್ಸಲ ನಾನೇಳಿದ್ದು ತಪ್ಪು ಕಣ್ರಪ್ಪ. ಜೇನು ಬರೋದು ಬೆಳಗ್ಗೆಗೇ. ನನ್ ಮಾತ್ ಕೇಳಿ ಬೆಳಗ್ಗೆ ಔಸ್ದಿ ಒಡ್ದಿರೋ ಕಡೆ ಜೇನು ಸತ್ತವೆ. ಒಡೀಲೇಬೇಕು ಅಂದ್ರೆ ಒತ್ತು ಮುಳುಗೋ ಒತ್ಗೆ, ಜೇನು ಗೂಡಿಗೋದ್ಮೇಲೆ ಒಡೀರಿ. ಅನುಮಾನ ಇದ್ರೆ ನಂಗೇ ಪೋನ್ ಮಾಡಿ." ಕೊನೆಯಲ್ಲಿ ನನ್ನ ಸ್ವಂತ ನಂಬರ್ ಹೇಳಿದೆ.

ಈ ಸಲ ಒಂದನ್ನು ಒತ್ತಿದವರು ಬಹಳ ಕಡಿಮೆ. ಎರಡು ದಿನ ಮನೆಮನೆಗೆ ನಡೆದೆ. ಒಬ್ಬರು, "ಅವತ್ತು ಅಂಗೆ, ಇವತ್ತು ಇಂಗೆ. ನಾಳಿಕ್ಕೆ ಮಧ್ಯಾಹ್ನ ಒಡೀರಿ ಅಂತೀಯಾ?" ಎಂದರು. ಅವರ ಹೆಂಡತಿ ಒಂದು ಲೋಟ ನೀರು ತಂದುಕೊಟ್ಟರು, ಕುಡಿದು ಮುಂದಿನ ಮನೆಗೆ ಹೋದೆ. ಜೇನು ಸಾಕುವವರು ಆರರಲ್ಲಿ ಹುಳು ಬದುಕುಳಿದ ಎರಡು ಪೆಟ್ಟಿಗೆಗಳನ್ನು ಮದ್ದೂರಿಗೆ ವಾಪಸು ಒಯ್ದಿದ್ದರು. ಮುಂದಿನ ವರ್ಷ ತರುತ್ತೀರಾ ಎಂದು ಕೇಳಿದೆ. "ನೋಡನ," ಎಂದರು, ಬೇರೆ ಕಡೆ ನೋಡುತ್ತ.

ಸಮಿತಿಯಲ್ಲಿ ಗೈಡ್ ನನ್ನ ಪರವಾಗಿಯೂ ಮಾತಾಡಲಿಲ್ಲ, ವಿರುದ್ಧವಾಗಿಯೂ ಮಾತಾಡಲಿಲ್ಲ. ಜೇನಿನಲ್ಲಿ ಕೀಟನಾಶಕ ಸಿಕ್ಕಿದೆ ಎಂದು ವರದಿ ಹೇಳಿತ್ತು, ಯಾರ ಹೊಲದ್ದು ಎಂದು ಹೇಳಿರಲಿಲ್ಲ. ನಿಮ್ಮ ಸಂದೇಶವೇ ಕಾರಣ ಎಂದು ಖಚಿತವಾಗಿ ಹೇಳುತ್ತೀರಾ ಎಂದು ಒಬ್ಬ ಸದಸ್ಯರು ಕೇಳಿದರು. ಗೊತ್ತಿಲ್ಲ ಎಂದೆ. ಕಾರಣ ಅಲ್ಲ ಎಂದು ಹೇಳುತ್ತೀರಾ ಎಂದರು. ಅದನ್ನೂ ಹೇಳಲಾರೆ ಎಂದೆ. ಪ್ರಬಂಧದ ಆ ಅಧ್ಯಾಯವನ್ನು ಪೂರ್ತಿ ತೆಗೆದು ಹೊಸದಾಗಿ ಬರೆಯಿರಿ, ಒಂದು ವರ್ಷ ಹೆಚ್ಚು ಹಿಡಿಯಬಹುದು ಎಂದು ತೀರ್ಮಾನವಾಯಿತು. ಅಧ್ಯಾಪಕರು ಡಬ್ಬಿಗೆ ಡ್ರೋನಿನ ಸದ್ದನ್ನು ಬೇರೆ ಮಾಡುವುದನ್ನು ಕಲಿಸುವ ಕೆಲಸಕ್ಕೆ ಕೂತರು. ಮೇಡಂ ಪ್ರತಿ ಹೊಲದಲ್ಲೂ ಎರಡೂ ಹೊತ್ತು ಮನುಷ್ಯರೇ ನಿಂತು ಎಣಿಸಬೇಕು ಎಂದು ನಿಯಮ ಮಾಡಿದರು.

ಸಮಿತಿ ಮುಗಿದ ಎರಡು ಮೂರು ದಿನಕ್ಕೆ, ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಕಾಲೇಜಿನ ಕೋಣೆಯಲ್ಲಿ ಒಬ್ಬಳೇ ಕೂತಿದ್ದಾಗ ಅಕ್ಕನ ಫೋನ್ ಬಂತು. ಹಿಂದಾಗಿ ಬಿತ್ತಿದ್ದ ಒಂದು ತುಂಡು ಹೊಲದಲ್ಲಿ ಇನ್ನೂ ಹೂವಿತ್ತಂತೆ.

"ಹುಳ ಬಿದ್ದವೆ ಕಣಮ್ಮಿ. ಒತ್ತು ಮುಳುಗೋಗಂಟ ಕಾಯನ ಅಂದ್ರೆ ಮೋಡ ಕವ್ಕಂಡದೆ, ಮಳೆ ಬಂದ್ರೆ ಒಡ್ದುದ್ದೆಲ್ಲ ತೊಳ್ದೋಯ್ತದೆ. ಮೋಡಕ್ಕೆ ಜೇನು ಆಗ್ಲೇ ಓಗವ್ವೋ ಇಲ್ವೋ. ಈಗ್ಲೇ ಒಡೆಯನಾ?"

ಮೋಡ ಕವಿದರೆ ಜೇನು ಬೇಗ ಗೂಡಿಗೆ ಹೋಗುತ್ತವೆ ಎಂದು ಮೇಡಂ ಒಮ್ಮೆ ಹೇಳಿದ್ದು ನೆನಪಾಯಿತು. ಹೋಗಿರುತ್ತವೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು.

"ನನಗೆ ಗೊತ್ತಿಲ್ಲ ಅಕ್ಕ," ಎಂದೆ. "ನೀವೇ ಸಾಲಿನೊಳಗೆ ಹೋಗಿ ನೋಡ್ತೀರಾ? ನಾನು ಫೋನ್ ಇಡಲ್ಲ."

ಆಕೆ ನಡೆಯುವುದು ಕೇಳಿಸಿತು. ಎಲೆಗಳು ಸೀರೆಗೆ ಉಜ್ಜುವ ಸದ್ದು, ಏದುಸಿರು, ಎಲ್ಲೋ ದೂರದಲ್ಲಿ ಲಾರಿಯ ಹಾರ್ನ್. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ.

"ಒಂದದೆ," ಎಂದರು ಅಕ್ಕ, ಹುಳುವಿಗೆ ಕೇಳಿಸಬಾರದೆನ್ನುವಂತೆ ಮೆಲ್ಲಗೆ. "ಆ ಕಡೆ ಹೂವ್ನಲ್ಲಿ ಎಲ್ಡು. ಇರು, ಇಲ್ಲೊಂದು." ಮತ್ತೆ ಎಲೆಗಳ ಸದ್ದು. "ಇನ್ನೂ ಅವೆ ಕಣಮ್ಮಿ. ಬುಡು, ಇನ್ನೊಂದ್ಗಂಟೆ ಕಾಯ್ತಿನಿ. ಮಳೆ ಬಂದ್ರೆ ಬರ್ಲಿ."